ಲಿನಕ್ಸ್ ಮಾವನ ಕಾಲಜ್ಞಾನ

ಲಿನಕ್ಸ್ ಮಾವನ ಹತ್ತಿರ ಗಂಟೆ ಎಷ್ಟು ಎಂದು ಕೇಳಬಾರದು. ಕೇಳಿದರೆ "ಯಾವ ಗಂಟೆ?" ಎನ್ನುತ್ತಾರೆ. ಮದರ್‌ಬೋರ್ಡ್ ಮೇಲೆ ಒಂದು ಗಡಿಯಾರ, ಕರ್ನಲ್ ಒಳಗೆ ಇನ್ನೊಂದು. ಮೊದಲನೆಯದು ಕಂಪ್ಯೂಟರ್ ಆರಿಸಿದ ಮೇಲೂ ಓಡುತ್ತಿರಬೇಕು. ಎರಡನೆಯದು ಬೂಟ್ ಆಗುವಾಗ ಅದರ ಮುಖ ಒಮ್ಮೆ ನೋಡಿಕೊಂಡು, ಆಮೇಲೆ ತನ್ನ ಪಾಡಿಗೆ ತಾನು ಎಣಿಸಿಕೊಂಡು ಹೋಗುತ್ತದೆ. ಇಷ್ಟು ಕೇಳಿಸಿಕೊಳ್ಳುವಷ್ಟರಲ್ಲಿ ನಿಮ್ಮ ಬಸ್ಸು ಹೋಗಿರುತ್ತದೆ. ಮಾವನ ಎಡಗೈಯಲ್ಲಿ ಎಚ್‌ಎಂಟಿ ಜನತಾ ಇದೆ. ದಿನಾ ಕಾಫಿಗೆ ಮುಂಚೆ ಅದಕ್ಕೆ ಕೀ ಕೊಡುತ್ತಾರೆ, ಅದೂ ಸರಿಯಾಗಿಯೇ ನಡೆಯುತ್ತದೆ. ನೋಡಿ ಹೇಳಬಹುದಿತ್ತು. ಹೇಳುವುದಿಲ್ಲ.

ಇವರು ನಿಮ್ಮ ಬಡಾವಣೆಯಲ್ಲೂ ಇದ್ದಾರೆ. ನಿವೃತ್ತ ಎಂಜಿನಿಯರ್, ಸ್ಕೂಟರಿನ ಮುಂದೆ ಪೆಂಗ್ವಿನ್ ಸ್ಟಿಕರ್. ಮಗ ಅಮೆರಿಕದಿಂದ ತಂದುಕೊಟ್ಟ ಲ್ಯಾಪ್‌ಟಾಪು ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಮಲಗಿರುತ್ತದೆ. ತಾವು ಕೂರುವುದು ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಸ್ವಹಸ್ತದಿಂದ ಜೋಡಿಸಿದ ಡೆಸ್ಕ್‌ಟಾಪಿನ ಮುಂದೆ. ಮದುವೆ ಮನೆಯ ಪಂಕ್ತಿಯಲ್ಲಿ ಯಾರೋ ಆಂಡ್ರಾಯ್ಡ್ ಫೋನನ್ನು ಹೊಗಳಿದರೆ, ಎಲೆಯಿಂದ ತಲೆಯೆತ್ತಿ "ಒಳಗಿರೋದು ನಮ್ಮದೇ ಕರ್ನಲ್ಲು" ಎಂದು ಹೆಣ್ಣಿನ ಕಡೆಯವರ ಗತ್ತಿನಲ್ಲಿ ಹೇಳುತ್ತಾರೆ. ಯಂತ್ರದಲ್ಲಿ ಏನೇ ಕೆಟ್ಟರೂ ಅವರ ಮೊದಲ ಗುಮಾನಿ ಸಿಸ್ಟಮ್‌ಡಿ ಮೇಲೆ, ಎರಡನೆಯದು ಅತ್ತೆಯ ಮೇಲೆ.

ಅತ್ತೆಯ ಮೇಲಿನ ಗುಮಾನಿಗೆ ಆಧಾರ ಇಲ್ಲದೆ ಇಲ್ಲ. ಅವರು ಭಜನಾ ಮಂಡಳಿಯ ಕರಪತ್ರಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರು. ಅದಕ್ಕಾಗಿ ಅರ್ಧ ಡಿಸ್ಕನ್ನು ವಿಂಡೋಸಿಗೆ ಬಿಟ್ಟುಕೊಡಬೇಕಾಗಿ ಬಂದಿದೆ. ವಿಂಡೋಸು ಬೋರ್ಡಿನ ಗಡಿಯಾರದಲ್ಲಿ ಇರುವುದೇ ಊರ ಸಮಯ ಎಂದು ನಂಬುತ್ತದೆ. ಲಿನಕ್ಸ್ ಅದನ್ನು ಯುಟಿಸಿ ಎಂದು ಓದಿ, ಮೇಲೆ ನಮ್ಮ ಐದೂವರೆ ಗಂಟೆ ಸೇರಿಸುತ್ತದೆ. ಹೀಗಾಗಿ ಮಾವ ಎದ್ದುಹೋದ ಮೇಲೆ ಅತ್ತೆ ಬೆಳಿಗ್ಗೆ ಹತ್ತಕ್ಕೆ ವಿಂಡೋಸ್ ತೆರೆದರೆ ನಾಲ್ಕೂವರೆ, ಬ್ರಾಹ್ಮೀ ಮುಹೂರ್ತ. ಅವರು ಅದನ್ನು ಹತ್ತಕ್ಕೆ ತಿದ್ದಿ, ಕರಪತ್ರ ಮುಗಿಸಿ ಏಳುತ್ತಾರೆ. ಮಾವ ಬಂದು ಲಿನಕ್ಸ್ ತೆರೆದರೆ ಮಧ್ಯಾಹ್ನ ಕಳೆದುಹೋಗಿರುತ್ತದೆ, ಊಟ ಮಾತ್ರ ಆಗಿರುವುದಿಲ್ಲ.

"ನನ್ನ ಗಡಿಯಾರ ಮುಟ್ಟಿದ್ಯೇನೇ?"

"ಗೋಡೆ ಗಡಿಯಾರ ನೋಡಿ ಸರಿ ಮಾಡ್ದೆ ಕಣ್ರೀ. ತಪ್ಪಾ?"

ಈ ಜಗಳಕ್ಕೆ ಒಂದು ಸಾಲಿನ ಪರಿಹಾರವಿದೆ. ಬೋರ್ಡಿನಲ್ಲಿರುವುದು ಊರ ಸಮಯ ಎಂದು ಟೈಮ್‌ಡೇಟ್‌ಸಿಟಿಎಲ್‌ಗೆ ಹೇಳಿಬಿಟ್ಟರಾಯಿತು. ಇಲ್ಲವೇ ವಿಂಡೋಸಿನ ರಿಜಿಸ್ಟ್ರಿಯಲ್ಲಿ ಒಂದು ನಮೂದು ಸೇರಿಸಿ ಅದನ್ನೂ ಯುಟಿಸಿಗೆ ಒಗ್ಗಿಸಬಹುದು. ಮೊದಲನೆಯದು ಶರಣಾಗತಿ, ಎರಡನೆಯದು ಮೈಲಿಗೆ. ಗ್ರೀನಿಚ್‌ಗೆ ತಲೆ ಬಾಗಿಸಿದ ಮಾವ ರೆಡ್ಮಂಡಿಗೆ ಬಾಗಿಸಲಿಲ್ಲ.

ನಿಜವಾದ ಹಬ್ಬ ಬಂದದ್ದು ಈಚೆಗೆ. ರಾತ್ರಿ ಮಲಗುವ ಮುಂಚೆ ಗೋಡೆಯ ಸ್ವಿಚ್ಚನ್ನೂ ಆರಿಸುವುದು ಮಾವನ ಕ್ರಮ. ಬೆಳಿಗ್ಗೆ ಹಾಕಿದರೆ ಯಂತ್ರ ಅರ್ಧಕ್ಕೆ ನಿಂತಿತು. ಕಪ್ಪು ಪರದೆಯ ಮೇಲೆ ಡಿಸ್ಕು ಪರೀಕ್ಷಿಸುವ ಇ2ಎಫ್‌ಎಸ್‌ಸಿಕೆ ದೂರು ಹೇಳುತ್ತಿತ್ತು: ಸೂಪರ್‌ಬ್ಲಾಕಿನ ಪ್ರಕಾರ ಈ ಡಿಸ್ಕು ಕೊನೆಯ ಸಲ ಮೌಂಟ್ ಆದದ್ದು ಭವಿಷ್ಯದಲ್ಲಿ. ಬೋರ್ಡಿನ ತಾರೀಖು 2009ರ ಜನವರಿ 1ಕ್ಕೆ ಹೋಗಿ ಕೂತಿತ್ತು. ನಿನ್ನೆ ತಾನೇ ಬಳಸಿದ ಡಿಸ್ಕು ಅದರ ಕಣ್ಣಿಗೆ ಮುಂದಿನ ಕಾಲದಿಂದ ಬಂದ ಹಾಗೆ ಕಂಡಿತ್ತು. ವ್ಯತ್ಯಾಸ ಒಂದು ದಿನಕ್ಕಿಂತ ಕಡಿಮೆಯಿದ್ದರೆ ಅದು ತಾನೇ ಸರಿಪಡಿಸಿಕೊಂಡು ಮುಂದೆ ಹೋಗುತ್ತದೆ. ಅತ್ತೆಯ ಐದೂವರೆ ಗಂಟೆಯನ್ನೆಲ್ಲ ಅದು ಹಾಗೇ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಇಷ್ಟೊಂದು ವರ್ಷವನ್ನು ಎಲ್ಲಿ ಹಾಕಿಕೊಳ್ಳುವುದು?

ಇಂಥ ಹೊತ್ತಿನಲ್ಲಿ ನಾನೂ ನೀವೂ ಮುಖ ಸಣ್ಣ ಮಾಡಿಕೊಳ್ಳುತ್ತೇವೆ. ಮಾವನ ಮುಖದಲ್ಲಿ ಮೊಮ್ಮಗ ಹುಟ್ಟಿದ ಕಳೆ. ಎದುರು ಮನೆಯ ಎಂಜಿನಿಯರಿಂಗ್ ಹುಡುಗ ಬಾಗಿಲಲ್ಲೇ ನಿಂತು "ಸೆಲ್ ಹೋಗಿರ್ಬೇಕು ಅಂಕಲ್" ಎಂದ. "ಅದು ಲಕ್ಷಣ ಕಣಯ್ಯಾ, ಕಾರಣ ಅಲ್ಲ" ಎಂದು ಕಳಿಸಿಬಿಟ್ಟರು.

ಕಾರಣದ ತಪಾಸಣೆ ದೀಪಾವಳಿಯ ಆಚೆಗೂ ಬೆಳೆಯಿತು. ಬೋರ್ಡಿನ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಒಂದನ್ನು ಹದಿನೈದು ಸಲ ಎರಡರಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ಕಂಪನವನ್ನು ಅರ್ಧ ಅರ್ಧ ಮಾಡುತ್ತಾ ಹೋದರೆ ಕೊನೆಗೆ ಉಳಿಯುವುದು ಸೆಕೆಂಡಿಗೆ ಒಂದೇ ಮಿಡಿತ. ಸೆಖೆ, ಚಳಿಗೆ ಹರಳು ಹಿಂದುಮುಂದಾಗುತ್ತದೆ ಎಂದು ಮಾವ ಕೋಣೆಯಲ್ಲಿ ತಾಪಮಾಪಕ ನೇತುಹಾಕಿದರು. ಎಚ್‌ಡಬ್ಲ್ಯೂಕ್ಲಾಕ್ ಆ ಗಡಿಯಾರದ ಓಲಾಟದ ಲೆಕ್ಕವನ್ನು ಆಡ್ಜ್‌ಟೈಮ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಅದನ್ನು ನಂಬದೆ, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಿಂದ ತಾವೂ ಬರೆಯತೊಡಗಿದರು. ಹಾಲಿನವನಿಗೆ ಒಂದು ತಿಂಗಳು ಎಷ್ಟು ಕೊಡಬೇಕೆಂದು ಗೊತ್ತಾಗಲಿಲ್ಲ.

ನೆಟ್‌ವರ್ಕಿನಿಂದ ಸಮಯ ತರಿಸಿಕೊಳ್ಳಬಹುದಲ್ಲ ಎಂದೆ. ಅದು ಬರುವುದು ಬೂಟ್ ಆದ ಮೇಲೆ, ತಕರಾರು ಇರುವುದು ಬೂಟ್ ಆಗುವಾಗ. ಮೇಲಾಗಿ ಹಳೆಯ ಎನ್‌ಟಿಪಿಡಿ ಸೇವೆಗೂ ಮಾನ ಮರ್ಯಾದೆ ಇದೆ. ಸಾವಿರ ಸೆಕೆಂಡಿನವರೆಗಿನ ತಪ್ಪನ್ನು ಸಮಾಧಾನದಿಂದ ತಿದ್ದುತ್ತದೆ. ಅದಕ್ಕೂ ಮೀರಿದರೆ, ಮೊದಲೇ ವಿನಾಯಿತಿ ಬರೆದುಕೊಟ್ಟಿರದಿದ್ದರೆ, ಫೈಲು ವಾಪಸು ಕಳಿಸಿ ಕೊಡೆ ಹಿಡಿದು ಮನೆಗೆ ಹೊರಡುವ ತಾಲ್ಲೂಕು ಕಚೇರಿ ಗುಮಾಸ್ತನ ಹಾಗೆ ಎದ್ದು ಹೋಗಿಬಿಡುತ್ತದೆ. ಅದನ್ನು ರೂಪಿಸಿದ ಡೇವಿಡ್ ಮಿಲ್ಸ್ ಮಾವನ ಪಾಲಿಗೆ ಗುರುಸಮಾನ. 2024ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಓದಿ, ಉಟ್ಟ ಬಟ್ಟೆಯಲ್ಲೇ ಹೋಗಿ ತಲೆಗೆ ನೀರು ಹುಯ್ದುಕೊಂಡಿದ್ದರು.

ಇ2ಎಫ್‌ಎಸ್‌ಸಿಕೆಯ ಸೆಟ್ಟಿಂಗ್ ಕಡತದಲ್ಲಿ ಒಂದು ಸಾಲು ಬರೆಯಲು ಅವಕಾಶವಿದೆ: ಬ್ರೋಕನ್ ಸಿಸ್ಟಮ್ ಕ್ಲಾಕ್ ಸಮ ಟ್ರೂ. ಬರೆದರೆ ತಾರೀಖಿನ ತಕರಾರು ಅಷ್ಟಕ್ಕೇ ನಿಲ್ಲುತ್ತದೆ. ಮಾವ ಬರೆದರು, ಅಳಿಸಿದರು. ತನ್ನ ಗಡಿಯಾರ ಕೆಟ್ಟಿದೆ ಎಂದು ತನ್ನ ಕೈಯಾರೆ ಬರೆದುಕೊಡುವುದು ಹೇಗೆ?

ಕೊನೆಗೆ ಅವರು ಸಂತೆಗೆ ಹೋದ ಹೊತ್ತು ನೋಡಿ ಅತ್ತೆ ಎದುರು ಮನೆಯ ಹುಡುಗನನ್ನು ಕರೆದರು. ಬೇಕಿದ್ದದ್ದು ಸಿಆರ್ 2032, ಇಪ್ಪತ್ತು ಮಿಲಿಮೀಟರ್ ಅಗಲದ, ಮೂರು ವೋಲ್ಟಿನ ಬಿಲ್ಲೆ. ಅಂಗಡಿಗೂ ಹೋಗಲಿಲ್ಲ, ಬಚ್ಚಲ ಮುಂದಿನ ತೂಕದ ಯಂತ್ರದೊಳಗೆ ಅಂಥದ್ದೇ ಇತ್ತು. ಹಾಕಿ ತಾರೀಖು ತಿದ್ದಿದರು. ಯಂತ್ರ ತೂಕ ತೋರಿಸುವುದು ನಿಂತದ್ದಕ್ಕೆ ಮನೆಯಲ್ಲಿ ಯಾರಿಗೂ ಬೇಸರವಾದಂತಿಲ್ಲ.

ಮಾವ ಬಂದರು, ಸ್ವಿಚ್ ಹಾಕಿದರು. ಯಂತ್ರ ತಕರಾರಿಲ್ಲದೆ ಎದ್ದಿತು. ಎರಡು ದಿನ ಅವರಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಅಟ್ಟದಿಂದ ಒಂದು ಹಳೆಯ 32 ಬಿಟ್ಟಿನ ಯಂತ್ರ ಇಳಿಸಿದರು. 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದಿರುವ ಇಂಥವುಗಳ ಎಣಿಕೆ 2038ರ ಜನವರಿ 19ರ ಮಂಗಳವಾರ ತುಂಬಿಹೋಗಿ, 1901ಕ್ಕೆ ಜಾರುತ್ತದೆ. ಹೊಸ ಯಂತ್ರಗಳಿಗೆ ಆ ಕಂಟಕ ಇಲ್ಲ. ಅದಕ್ಕೇ ಹಳೆಯದನ್ನು ಜೋಪಾನ ಮಾಡಿದ್ದಾರೆ.

"ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್ ದಾಟಿದ ತಕ್ಷಣ ಕಣೇ," ಎಂದರು ಧೂಳು ಒರೆಸುತ್ತಾ.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. "ತಿಂಡಿ ಅದಕ್ಕೆ ಮುಂಚೆನೋ, ಆಮೇಲೋ?"