ನಾನು ಬೆಳ್ಳಿಯಲ್ಲ ಸಾರ್!

ಯಾವ ಚಾನೆಲ್ ಅಂತ ಹೆಸರು ಹೇಳುವ ಅಗತ್ಯವಿಲ್ಲ. ಟವೆಲನ್ನೇ ಸೆರಗು ಮಾಡಿಕೊಂಡ ಅಜ್ಜಿ, ಅವಳ ಸೋಮಾರಿ ಮೊಮ್ಮಗ, ಬಾಡಿಗೆ ಕೇಳಲು ಬಂದು ಕಾಫಿ ಕುಡಿದು ಹೋಗುವ ಓನರ್ ಎಂದರೆ ಸಾಕು, ನೀವೂ ನಿಟ್ಟುಸಿರು ಬಿಡುತ್ತೀರಿ. ಕಳೆದ ವಾರ ಆ ಅಜ್ಜಿಯನ್ನು ಮತ್ತೆ ಕರೆತಂದಿದ್ದಾರೆ. ನಡುವೆ ನಡೆದದ್ದರ ಬಗ್ಗೆ ಮಾತ್ರ ತುಟಿ ಪಿಟಕ್ಕೆಂದಿಲ್ಲ. ಚಾನೆಲ್‌ನ ಹುಡುಗರು ಫೋನ್ ಎತ್ತುತ್ತಿಲ್ಲ. ಮ್ಯಾನೇಜರನ್ನು ಕೇಳಿದರೆ, ‘ಬ್ರ್ಯಾಂಡ್ ವಿಚಾರ ಆದ್ರೆ ಮೇಲ್ ಮಾಡಿ’ ಎಂದರು. ಹಾಗಾಗಿ, ಪ್ರತಿ ವಿಡಿಯೊದಲ್ಲೂ ಅವರ ಬೆನ್ನ ಹಿಂದೆ ಗೋಡೆಗೆ ನೇತಾಡುವ ಯೂಟ್ಯೂಬ್‌ನ ಬೆಳ್ಳಿ ಬಟನ್ನನ್ನೇ ಮಾತಾಡಿಸಬೇಕಾಯಿತು.

ನಮಸ್ಕಾರ, ಬೆಳ್ಳಿ ಬಟನ್ ಅವರೇ...

ಮೊದಲು ಅದನ್ನ ತಿದ್ಕೊಳ್ಳಿ. ನಾನು ಬೆಳ್ಳಿಯಲ್ಲ ಸಾರ್! ಲಕ್ಷ ಸಬ್‌ಸ್ಕ್ರೈಬರ್ ಆದಾಗ ಕೊಡೋ ಫಲಕ, ಅಷ್ಟೇ. ಬಂದ ದಿನ ಈ ಹುಡುಗರಲ್ಲೊಬ್ಬನ ಅಮ್ಮ ದೇವರ ಮನೇಲಿಟ್ಟು ಕುಂಕುಮ ಹಚ್ಚಿದ್ರು. ಆಮೇಲೆ ಹತ್ತು ಲಕ್ಷ ಆಯ್ತು, ಆ ಚಿನ್ನದ್ದು ಬಂತು. ಅದೇನು ಅಪರಂಜಿಯಾ? ಆದ್ರೂ ಲೈಟೆಲ್ಲ ಅದರ ಮೇಲೆ. ನಾನು ಗಿಡದ ಹಿಂದೆ. ಗಿಡಾನೂ ಪ್ಲಾಸ್ಟಿಕ್ಕು.

ನೀವು ಬಂದ ಹೊಸದರಲ್ಲಿ ಹೇಗಿತ್ತು? ಹುಡುಗರು ತಾಲೀಮು ಮಾಡುತ್ತಿದ್ದರೆ?

ಮಾಡ್ತಿದ್ರು. ಓನರ್ ಕಾಫಿ ಲೋಟ ಕೆಳಗಿಡೋ ಸೀನಿಗೆ ರಾತ್ರಿಯೆಲ್ಲ ಕೂತಿದ್ದು ನೋಡಿದೀನಿ. ಲೋಟ ಟಣ್ ಅಂದ ಮೇಲೆ ಅಜ್ಜಿ, ‘ಸಕ್ಕರೆ ಸಾಕಾಯ್ತಾ? ಬಾಡಿಗೇಲಿ ಮುರ್ಕೊಳ್ತೀನಿ’ ಅನ್ನಬೇಕು. ಟಣ್‌ಗೆ ಮುಂಚೆ ಅಂದ್ರೆ ನಗು ಬರಲ್ಲ. ತಡ ಆದ್ರೂ ಬರಲ್ಲ.

ಅದೇ ನೋಡಿ! ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ ನಾಟಕದಲ್ಲಿ ಅಂದಂದಿನ ರಾಜಕಾರಣಿಗೆ ಅಂದಂದೇ ಚಾಟಿ ಬೀಸುತ್ತಿದ್ದರು. ಕೇಳಿದವರಿಗೆ ಅಲ್ಲೇ ಬಾಯಿಗೆ ಬಂದ ಮಾತು ಅನಿಸುತ್ತಿತ್ತು. ಹಾಗೆ ಅನಿಸಬೇಕಾದರೆ ಹಿಂದೆ ಕಂಪನಿ ನಾಟಕದ ಶಿಸ್ತು ಇರಬೇಕು. ನಮ್ಮ ಹವ್ಯಾಸಿ ತಂಡದಲ್ಲಂತೂ ತಾಲೀಮಿಗೆ ತಡವಾಗಿ ಬಂದವನಿಗೆ...

ಸಾರ್, ಇದು ನನ್ನ ಸಂದರ್ಶನ.

ಸರಿ, ಸರಿ. ಕೆಟ್ಟಿದ್ದು ಯಾವಾಗ?

ಎಂಟು ನಿಮಿಷ ಅನ್ನೋದು ಬಂತಲ್ಲ, ಆಗ. ಮೊದಲು ವಿಡಿಯೊ ಮಧ್ಯೆ ಜಾಹೀರಾತು ತೂರಿಸೋಕೆ ಹತ್ತು ನಿಮಿಷ ಇರಬೇಕಿತ್ತು. 2020ರ ಜುಲೈಯಲ್ಲಿ ಎಂಟಕ್ಕೆ ಇಳಿಸಿದ್ರು. ಹತ್ತು ನಿಮಿಷ ಇವರ ಕೈಗೆಟುಕಿರಲಿಲ್ಲ, ಎಂಟು ಎಟುಕ್ತು. ನಾಲ್ಕು ನಿಮಿಷದ ಜೋಕನ್ನ ಎಳೆದೂ ಎಳೆದೂ ಎಂಟು ಮಾಡಿದ್ರು. ಓನರ್ ಮೆಟ್ಟಿಲು ಹತ್ತೋಕೇ ಒಂದೂವರೆ ನಿಮಿಷ! ಅದೇ ವರ್ಷ ಜೂನ್ ಕೊನೇಲಿ ಟಿಕ್‌ಟಾಕ್ ಬ್ಯಾನ್ ಆಗಿತ್ತು, ಸೆಪ್ಟೆಂಬರಲ್ಲಿ ಯೂಟ್ಯೂಬ್‌ನೋರು ಶಾರ್ಟ್ಸ್ ತಂದ್ರು. ಎಳೆದಿದ್ದನ್ನೇ ಕತ್ತರಿಸಿ ಹದಿನೈದು ಸೆಕೆಂಡಿನ ಚೂರು ಮಾಡಿದ್ರು. ಶಾರ್ಟ್ಸ್ ಉದ್ದುದ್ದ ಅಲ್ವಾ, ಗೋಡೆ ಅಂಚಲ್ಲಿರೋ ನಾನು ಫ್ರೇಮಿಂದಲೇ ಔಟ್. ಚಿನ್ನದ್ದು ಮಾತ್ರ ನಟ್ಟನಡುವೆ.

ನೋಡುಗರು ಸುಮ್ಮನಿದ್ದರೆ? ನಾಟಕದಲ್ಲಿ ಹಿಂದಿನ ಸಾಲಿನವನು ಕೆಮ್ಮಿದರೂ ನಟನಿಗೆ ಸೀನು ಉದ್ದವಾಯಿತೆಂದು ತಿಳಿಯುತ್ತದೆ.

ಇಲ್ಲೂ ಕೆಮ್ಮಿದ್ರು. ಹೆಬ್ಬೆರಳು ಕೆಳಗೆ ಮಾಡಿದ್ರು. ಆದ್ರೆ 2021ರ ನವೆಂಬರಲ್ಲಿ ಯೂಟ್ಯೂಬ್‌ನೋರು ಡಿಸ್‌ಲೈಕ್ ಲೆಕ್ಕಾನೇ ಜನರ ಕಣ್ಣಿಂದ ಮರೆ ಮಾಡಿದ್ರು. ಈಗ ಅದು ಚಾನೆಲ್‌ನೋರಿಗೆ ಮಾತ್ರ ಕಾಣೋದು.

ಅಂದರೆ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಬೇಜಾರಾಗಿದ್ದು ತನಗೊಬ್ಬನಿಗೇ ಇರಬೇಕು ಅಂದುಕೊಂಡು ಪ್ರತಿಯೊಬ್ಬನೂ ಕೂತಿರುತ್ತಾನೆ! ಬಯಲಾಟದಲ್ಲಾಗಿದ್ದರೆ ಚಾಪೆ ಸುತ್ತಿಕೊಂಡು ಎದ್ದು ಹೋಗುವವನನ್ನು ಇಡೀ ಊರೇ ನೋಡುತ್ತಿತ್ತು.

ಕೆಮ್ಮು ಅಂದ್ರಿ, ನೆನಪಾಯ್ತು. ನನ್ನ ಮೇಲಿನ ಧೂಳು ನೋಡಿ. ಬಟ್ಟೆ ತಗೊಂಡು ಬರ್ತಾರೆ, ಚಿನ್ನದ್ದನ್ನ ವರೆಸ್ತಾರೆ, ಹೋಗ್ತಾರೆ.

ರಮ್ಮಿ ಆಪ್ ವಿಚಾರಕ್ಕೆ ಬರೋಣ.

ಧೂಳಿನ ವಿಚಾರ ಮುಗಿದಿಲ್ಲ ಸಾರ್.

ಅಜ್ಜಿ ಕೈಗೆ ಫೋನ್ ಕೊಟ್ಟು ಆಡಿಸಿದರಲ್ಲ, ಆ ದಿನ ನೀವು ಅಲ್ಲೇ ಇದ್ದಿರಿ.

ಇದ್ದೆ. ಹೊಸ ಲೈಟು ತಂದಿದ್ರು. ಬಹಳ ಜೋರು. ಪೂರ್ತಿ ಚಿನ್ನದ್ದರ ಕಡೆಗೇ...

ಲೈಟಿನ ಮಾತು ಬಿಡಿ. ಆ ಅಜ್ಜಿ ನಮ್ಮ ಮನೆಯ ಅಜ್ಜಿಯಾಗಿದ್ದಳು. ಊಟದ ತಟ್ಟೆ ಮುಂದಿಟ್ಟುಕೊಂಡು ಅವಳನ್ನು ನೋಡುತ್ತಿದ್ದೆವು. ಅವಳ ಅದೇ ನಡುಗುವ ದನಿಯಲ್ಲಿ, ‘ನಾನೇ ಗೆದ್ದೆ ಕಣೋ ಮಗಾ, ನೀನೂ ನೂರು ರೂಪಾಯಿ ಹಾಕು’ ಎಂದು ಹೇಳಿಸಿದರು. ಹಣ ಹೋಗಬಹುದು, ಚಟ ಹತ್ತಬಹುದು ಎಂಬ ಎಚ್ಚರಿಕೆಯನ್ನು ಕೊನೆಯಲ್ಲಿ ಯಾರಿಗೂ ಅರ್ಥವಾಗದ ಹಾಗೆ ಒಂದೇ ಉಸಿರಿನಲ್ಲಿ ಓಡಿಸಿದರು. ಕೇಳಿದವರಿಗೆ ‘ಲೀಗಲ್ ಅಲ್ವಾ ಗುರು’ ಎಂಬ ಉತ್ತರ. ಹೌದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2021ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತ್ತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತ್ತು. ಆ ಸಂದಿಯಲ್ಲೇ ಇವರು ದುಡ್ಡು ಮಾಡಿಕೊಂಡರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು, ಇಂಥ ಆಟದ ಜಾಹೀರಾತು ಮಾಡಿದವರಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಎಂದಿತು. ರಾತ್ರೋರಾತ್ರಿ ವಿಡಿಯೊಗಳು ಮಾಯ! ವಿಡಿಯೊ ಅಳಿಸಿಬಿಟ್ಟರೆ, ಸಂಬಳ ಬಂದ ಸಂಜೆಯೇ ಎಲ್ಲವನ್ನೂ ಕಳಕೊಂಡವನ ಖಾತೆಗೆ ದುಡ್ಡು ವಾಪಸ್ ಬರುತ್ತದೆಯೆ? ಕಾನೂನು ಹೇಳುವವರೆಗೂ ಇವರಿಗೆ ಗೊತ್ತಿರಲಿಲ್ಲವೆ? ಮೊಮ್ಮಗನ ಕೈಗೆ ದುಡ್ಡು ಕೊಟ್ಟು, ಹೋಗು, ಇಸ್ಪೀಟಿಗೆ ಕಟ್ಟು ಎನ್ನುವ ಅಜ್ಜಿಯನ್ನು ಈ ನಾಡಿನಲ್ಲಿ ಎಲ್ಲಿ ನೋಡಿದ್ದರು ಇವರು?

ಸ್ವಲ್ಪ ಮೆಲ್ಲಗೆ ಸಾರ್. ನನ್ನ ಮೊಳೆ ಸಡಿಲ ಇದೆ.

ಉತ್ತರ ಹೇಳಿ.

ನನ್ನ ಮೇಲೆ ಚಾನೆಲ್ ಹೆಸರು ಹಾಕಿದಾರೆ. ಸಬ್‌ಸ್ಕ್ರೈಬ್ ಒತ್ತಿದ ಆ ಲಕ್ಷ ಜನರಲ್ಲಿ ಒಬ್ಬರ ಹೆಸರೂ ಇಲ್ಲ. ನನ್ನ ಕೇಳಿದ್ರೆ ನಾನೇನು ಹೇಳಲಿ? ಆ ದುಡ್ಡಲ್ಲಿ ಕಾರು ಬಂತು, ಈ ಸ್ಟುಡಿಯೊ ಬಂತು, ಎಸಿ ಬಂತು. ಲೋಟ ಟಣ್ ಅನ್ನೋ ಸೀನು ಬರೀತಿದ್ದ ಹುಡುಗ ಮಾತ್ರ ಹೊರಟು ಹೋದ. ಹೋಗೋವಾಗ ನನ್ನ ಒಂದ್ಸಲ ನೋಡಿದ. ಚಿನ್ನದ್ದನ್ನ ನೋಡಲಿಲ್ಲ, ನನ್ನನ್ನೇ ನೋಡಿದ್ದು! ಬರ್ಕೊಳ್ಳಿ ಅದನ್ನ.

ಬರೆದುಕೊಂಡೆ. ಅಜ್ಜಿ ಈಗ ಮತ್ತೆ ಬಂದಿದ್ದಾಳಲ್ಲ, ಇವರು ಕ್ಷಮೆ ಕೇಳುತ್ತಾರೆಯೆ?

ಕೇಳ್ತಾರೆ ಸಾರ್, ಎಲ್ಲ ರೆಡಿಯಾಗ್ತಿದೆ. ಥಂಬ್‌ನೇಲ್ ಆಗಲೇ ಮಾಡಿದಾರೆ. ಅಜ್ಜಿ ಕಣ್ಣಲ್ಲಿ ನೀರು, ಪಕ್ಕದಲ್ಲಿ ಕೆಂಪು ಬಾಣ, ಕೆಳಗೆ ದಪ್ಪ ಹಳದಿ ಅಕ್ಷರ. ವಿಡಿಯೊ ಎಂಟು ನಿಮಿಷ ಹತ್ತು ಸೆಕೆಂಡು.

ತಾಲೀಮು?

ಇದಕ್ಕೆ ಮಾಡ್ತಿದಾರೆ ಸಾರ್, ಮೂರು ದಿನದಿಂದ. ಅಜ್ಜಿ ಜಾಹೀರಾತಿಗೆ ಮುಂಚೆ ಅಳಬೇಕೋ, ಆಮೇಲೆ ಅಳಬೇಕೋ ಅನ್ನೋದೊಂದು ತೀರ್ಮಾನ ಆಗಬೇಕಷ್ಟೆ.