ಪುಟ 197ರ ವಕೀಲರು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಬೇಕಾದ್ದು ಕತೆ ನಡೆಸಿಕೊಡುವ ಒಬ್ಬ ಡಿಎಂ, ನಾಲ್ಕಾರು ಆಟಗಾರರು, ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ದಾಳಗಳು, ಒಂದು ದೊಡ್ಡ ಪೊಟ್ಟಣ ಚಿಪ್ಸ್. ಕರೆಯದೆಯೂ ಬಂದು ಕೂರುವವರು, ನಿಯಮ ಹಿಡಿದು ವಾದಿಸುವ ರೂಲ್ಸ್ ಲಾಯರ್. ಅಮೆರಿಕದ ಯಾವ ಊರಿನ ಗೇಮ್ ಅಂಗಡಿಗೆ ಹೋದರೂ ಒಬ್ಬರು ಇದ್ದೇ ಇರುತ್ತಾರೆ. ಕಪ್ಪು ಕೋಟು ಹಾಕಿದವರಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದವರೂ ಅಲ್ಲ. ಓಹಾಯೊದ ನಮ್ಮ ಅಂಗಡಿಗೆ ಒದಗಿಬಂದವರು ಅಂಚೆ ಇಲಾಖೆಯಲ್ಲಿ ಜೀವಮಾನವಿಡೀ ಕಾಗದ ವಿಂಗಡಿಸಿ ನಿವೃತ್ತರಾದವರು. ಕೆಲಸ ಬಿಟ್ಟಿತು, ವಿಂಗಡಿಸುವ ಚಟ ಬಿಟ್ಟಿಲ್ಲ.

ಬುಧವಾರ ಆರು ಗಂಟೆಗೆ ಆಟವಾದರೆ ಇವರು ಐದೂವರೆಗೇ ಹಾಜರು. ಟ್ಯೂಬ್‌ಲೈಟಿನ ನೇರ ಕೆಳಗೆ, ಡಿಎಂ ಬಲಗಡೆಯ ಕುರ್ಚಿ ಇವರದು. ಚಿಪ್ಸ್ ಮುಟ್ಟುವುದಿಲ್ಲ, ಎಣ್ಣೆಗೈ ಪುಸ್ತಕಕ್ಕೆ ತಾಗೀತೆಂದು. ಪುಸ್ತಕವೆಂದರೆ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್, 320 ಪುಟ, ಅಂಚಿನ ತುಂಬ ಬಣ್ಣಬಣ್ಣದ ಚೀಟಿ. ಪುಟದ ನಂಬರೆಲ್ಲ ಅವರಿಗೆ ಬಾಯಿಪಾಠ. ಚೀಟಿ ಇರುವುದು ನಾವು ನಂಬದಿದ್ದಾಗ ತೆಗೆದು ತೋರಿಸಲಿಕ್ಕೆ. ದಾಳ ಟೇಬಲ್ಲಿನಿಂದ ಕೆಳಗುರುಳಿದರೆ ಲೆಕ್ಕಕ್ಕಿಲ್ಲ, ಚಿಪ್ಸ್ ಪೊಟ್ಟಣಕ್ಕೆ ಒರಗಿ ಓರೆಯಾಗಿ ನಿಂತರೂ ಇಲ್ಲ. ನನ್ನ ಪಾತ್ರದ ಹೆಸರು ಘಟೋತ್ಕಚ. ಉಳಿದವರೆಲ್ಲ ಅದನ್ನು 'ಗ್ಯಾಟೊ' ಎಂದು ಮೊಟಕು ಮಾಡಿಕೊಂಡು ಸುಖವಾಗಿದ್ದಾರೆ. ಇವರೊಬ್ಬರೇ ಪ್ರತಿಸಲವೂ ಮಹಾಪ್ರಾಣದ ಮೇಲೆ ಮುಗ್ಗರಿಸಿ, ಎದ್ದು, ಕಡೆಯ ಅಕ್ಷರದವರೆಗೂ ಹೇಳುತ್ತಾರೆ. ಕ್ಯಾರೆಕ್ಟರ್ ಶೀಟಿನಲ್ಲಿ ಹಾಗೆ ಬರೆದಿದೆಯಲ್ಲ, ಅದಕ್ಕೆ.

ಮನೆಯಲ್ಲಿ ಗೆಳೆಯರೇ ಕೂಡಿ ಆಡುವಲ್ಲಿ ಇಂಥವರನ್ನು ಗದರಿ ಕೂರಿಸಬಹುದು. ಅಲ್ಲಿ ಡಿಎಂ ಹೇಳಿದ್ದೇ ವೇದ. ನಾವು ಆಡುವುದು ಅಡ್ವೆಂಚರರ್ಸ್ ಲೀಗ್, ಆಟ ಪ್ರಕಟಿಸುವ ಕಂಪನಿಯೇ 2014ರಲ್ಲಿ ಶುರುಮಾಡಿದ ಸಂಘಟಿತ ಆಟ. ಇಲ್ಲಿ ಬೆಳೆಸಿದ ಪಾತ್ರವನ್ನು ಬೇರೆ ರಾಜ್ಯದ, ಬೇರೆ ದೇಶದ ಅಂಗಡಿಗೆ ಒಯ್ದು, ಮುಖಪರಿಚಯವಿಲ್ಲದವರ ಜೊತೆ ಕೂತು ಆಟ ಮುಂದುವರಿಸಬಹುದು. ಹಾಗಾಗಬೇಕಾದರೆ ಎಲ್ಲ ಟೇಬಲ್ಲಿಗೂ ಒಂದೇ ನಿಯಮ ಬೇಕು, ಎಲ್ಲದಕ್ಕೂ ದಾಖಲೆ ಬೇಕು. ಯಾವ ತಾರೀಖು, ಯಾವ ಕತೆ, ಎಷ್ಟು ಚಿನ್ನ ಸಿಕ್ಕಿತು, ಎಷ್ಟು ಶೀಸೆ ಮದ್ದು ಖರ್ಚಾಯಿತು, ನಡೆಸಿದ ಡಿಎಂ ಯಾರು, ಕಂಪನಿ ಅವರಿಗೆ ಕೊಟ್ಟ ಡಿಸಿಐ ನಂಬರೇನು, ಎಲ್ಲವೂ ಆಗ ಲಾಗ್ ಶೀಟಿಗೆ ಏರಬೇಕಿತ್ತು. ಇಲ್ಲದ ಗುಹೆಯಲ್ಲಿ ಸಿಕ್ಕ ಇಲ್ಲದ ಚಿನ್ನಕ್ಕೆ ಇರುವ ರಸೀದಿ! ಡೇವ್ ಆರ್ನೆಸನ್ ಜೊತೆ 1974ರಲ್ಲಿ ಈ ಆಟ ಹೊರತಂದ ಗ್ಯಾರಿ ಗೈಗ್ಯಾಕ್ಸ್ ಅದಕ್ಕೂ ಮೊದಲು ವಿಮಾ ಕಂಪನಿಯಲ್ಲಿ ಅಪಾಯದ ಲೆಕ್ಕ ಹಾಕುತ್ತಿದ್ದವರು ಎಂದು ತಿಳಿದ ಮೇಲೆ ನನ್ನ ಆಶ್ಚರ್ಯ ಕಡಿಮೆಯಾಯಿತು.

ನನ್ನ ಮಂತ್ರದ ಕೊಡಲಿ ಹೋದದ್ದು ಈ ಲಾಗ್ ಶೀಟಿನ ದೆಸೆಯಿಂದಲೇ. ಅದು ಸಿಕ್ಕ ದಿನದ ಸಾಲಿನಲ್ಲಿ ಡಿಎಂ ನಂಬರ್ ಖಾಲಿ ಇತ್ತು. ಆ ಡಿಎಂ ಆಗಲೇ ಟೆಕ್ಸಸ್‌ಗೆ ಮನೆ ಬದಲಾಯಿಸಿಯಾಗಿತ್ತು. ಅಷ್ಟು ದಿನ ಯಾರೂ ಕೇಳಿರಲಿಲ್ಲ, ಇವರು ಕೇಳಿದರು. "ಕೊಡಲಿ ನಿಮ್ಮದಲ್ಲ ಅಂತ ನಾನು ಹೇಳ್ತಿಲ್ಲ. ಸಾಬೀತಾಗಿಲ್ಲ ಅಂತ ಹೇಳ್ತಿದ್ದೇನೆ." ಅಂದಿನಿಂದ ಭೀಮಸೇನನ ಮಗ ಸಾದಾ ಕೊಡಲಿ ಹಿಡಿದು ಅಲೆಯುತ್ತಿದ್ದಾನೆ.

ಆದರೆ ಇವರ ನಿಜವಾದ ವಿಶ್ವರೂಪ ಕಂಡದ್ದು ಇವರು ಸತ್ತ ದಿನ. ಇವರೆಂದರೆ ಇವರ ಪಾತ್ರ, ಒಬ್ಬ ಕುಳ್ಳ ಕ್ಲೆರಿಕ್. ಹಾಬ್‌ಗಾಬ್ಲಿನ್‌ಗಳ ಜೊತೆ ಕಾದಾಡುತ್ತ ಹಿಟ್ ಪಾಯಿಂಟ್ ಸೊನ್ನೆಗಿಳಿದು ಕುಳ್ಳ ಪ್ರಜ್ಞೆತಪ್ಪಿ ಬಿದ್ದ. ಡಿಎಂ ಕಾಲೇಜು ಓದುವ ಹುಡುಗಿ, ಹೊಸಬಳು. "ಇನ್ನೊಬ್ಬ ಬಿದ್ದವನಿಗೇ ಚುಚ್ಚುತ್ತಾನೆ. ಪ್ರಜ್ಞೆ ಇಲ್ಲದವನಿಗೆ ತಾಗಿದರೆ ಕ್ರಿಟ್, ಎರಡು ಸೋಲು ಬರಕೊಳ್ಳಿ" ಎಂದಳು. ಕ್ರಿಟ್ ಎಂದರೆ ಭಾರೀ ಏಟು. ಮೂರು ಸೋಲಾದರೆ ಸಾವು.

ವಕೀಲರು ಜೇಬಿನಿಂದ ಆರಿಂಚಿನ ಸ್ಟೀಲ್ ಸ್ಕೇಲು ತೆಗೆದರು.

ಟೇಬಲ್ಲಿನ ಮೇಲೆ ಹಾಸಿದ ಚೌಕಳಿ ಹಾಳೆಯಲ್ಲಿ ಒಂದು ಇಂಚೆಂದರೆ ಐದು ಅಡಿ. ಅಳೆದರೆ ಎರಡು ಇಂಚು. ಹಾಬ್‌ಗಾಬ್ಲಿನ್ ಕೈಯಲ್ಲಿದ್ದದ್ದು ಉದ್ದ ಈಟಿ, ಹತ್ತು ಅಡಿ ದೂರದಿಂದ ಚುಚ್ಚುವಂಥದ್ದು. ಕ್ರಿಟ್ ಆಗುವುದು ಐದು ಅಡಿಯೊಳಗಿದ್ದರೆ ಮಾತ್ರ. ಅಲ್ಲಿಗೆ ಮುಗಿಯಲಿಲ್ಲ. ಪ್ರಜ್ಞೆ ತಪ್ಪಿದವನ ಮೇಲೆ ಎರಗುವವನು ದಾಳ ಎರಡು ಸಲ ಹಾಕಿ ಒಳ್ಳೆಯದನ್ನು ಹಿಡಿಯಬಹುದು, ಸರಿ. ನೆಲಕ್ಕೆ ಬಿದ್ದವನಿಗೆ ದೂರದಿಂದ ಹೊಡೆಯುವವನು ಕೆಟ್ಟದ್ದನ್ನು ಹಿಡಿಯಬೇಕು. ಈ ಕುಳ್ಳನೋ ಪ್ರಜ್ಞೆಯೂ ಇಲ್ಲದವನು, ನೆಲಕ್ಕೂ ಬಿದ್ದವನು. ಒಂದಕ್ಕೊಂದು ವಜಾ. ಆದ್ದರಿಂದ ಒಂದೇ ದಾಳ. ಪುಟ 292.

ನಮ್ಮ ಹೊನ್ನಾವರದ ಕಡೆ ಮಳೆಗಾಲದ ರಾತ್ರಿ ತಾಳಮದ್ದಳೆ ಕೇಳಿ ಬೆಳೆದವನು ನಾನು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲೇ ಯುದ್ಧ. ವಾಲಿವಧೆಯ ದಿನವಂತೂ ಎದೆಗೆ ಬಾಣ ನೆಟ್ಟ ವಾಲಿ ಸಾಯುವುದನ್ನು ಮುಂದಕ್ಕೆ ಹಾಕಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಗಂಟೆಗಟ್ಟಲೆ ಅಡ್ಡಪರೀಕ್ಷೆ ಮಾಡುತ್ತಾನೆ. ಓಹಾಯೊದ ಈ ಟೇಬಲ್ಲಿನಲ್ಲಿ ಅದೇ ಪ್ರಸಂಗ. ಒಂದೇ ವ್ಯತ್ಯಾಸ, ರಾಮನ ಅರ್ಥ ಹೇಳುವವರು ಉತ್ತರ ಕಟ್ಟಿಕೊಂಡೇ ಬಂದಿರುತ್ತಾರೆ. ಈ ಹುಡುಗಿಯ ಹತ್ತಿರ ಇದ್ದದ್ದು ಆರಿದ ಕಾಫಿ. ತಡೆಯಲಾರದೆ ನಾನೂ ಬಾಯಿ ಹಾಕಿದೆ: "ಪ್ರಜ್ಞೆ ತಪ್ಪಿದವರು ಮಾತಾಡುವ ಹಾಗಿಲ್ಲ. ಅದೂ ಪುಟ 292." ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಆ ನಿಯಮ ಪಾತ್ರಕ್ಕೆ. ಆಟಗಾರನಿಗಲ್ಲ" ಎಂದರು.

ಮುಕ್ಕಾಲು ಗಂಟೆಯಾದ ಮೇಲೆ ಹುಡುಗಿ ಸೋತು ಒಂದೇ ದಾಳ ಹಾಕಿದಳು. ಏಟು ತಾಗಿತು, ಆದರೆ ಬರೀ ಏಟು. ಒಂದೇ ಸೋಲು. ವಕೀಲರು ಗೆದ್ದರು. ಇವರ ಕಿರಿಕಿರಿ ಇರುವುದೇ ಅಲ್ಲಿ: ಪ್ರತಿಸಲ ಇವರೇ ಸರಿ ಇರುತ್ತಾರೆ.

ಮುಂದಿನ ಸರದಿ ಅವರದೇ. ಬದುಕುಳಿಯಲು ಇಪ್ಪತ್ತು ಮುಖದ ದಾಳ ಹಾಕಿದರು. ಒಂದು ಬಿತ್ತು. "ಅಯ್ಯೋ, ಎರಡನೇ ಸೋಲು" ಎಂದಳು ಹುಡುಗಿ. ಪರವಾಗಿಲ್ಲ, ಇನ್ನೊಂದು ಬಾಕಿ ಇದೆ. ಅವರಾದ ಮೇಲೆ ನನ್ನ ಸರದಿ, ಮದ್ದಿನ ಶೀಸೆ ಕೈಯಲ್ಲೇ ಹಿಡಿದಿದ್ದೆ.

"ಒಂದು ಬಿದ್ದರೆ ಎರಡು ಸೋಲು" ಎಂದರು ವಕೀಲರು. "ಪುಟ 197. ನಾನು ಸತ್ತೆ."

ಹುಡುಗಿ, ಇರಲಿ ಬಿಡಿ, ಕಡೆಯ ಮಾತು ನನ್ನದಲ್ಲವೇ ಎಂದಳು. ಅವರು ಒಪ್ಪಲಿಲ್ಲ. ಈ ಟೇಬಲ್ಲಿನಲ್ಲಿ ಬಿಟ್ಟರೆ ಪಕ್ಕದ ಟೇಬಲ್ಲಿನಲ್ಲಿ ಸತ್ತವರಿಗೆ ಏನು ಹೇಳುವುದು ಎಂದು ಕೇಳಿದರು. ನಾಲ್ಕನೇ ಹಂತದವರೆಗಿನ ಪಾತ್ರ ಸತ್ತರೆ ಕತೆಯೊಳಗೆ ಅದು ಸೇರಿದ ಬಣದವರೇ ಧರ್ಮಕ್ಕೆ ಬದುಕಿಸಿಕೊಡುತ್ತಾರೆ, ಆದರೆ ತನ್ನದು ಐದನೇ ಹಂತ ಎಂದೂ ಅವರೇ ನೆನಪಿಸಿದರು. ಇನ್ನುಳಿದ ದಾರಿ 1,250 ಚಿನ್ನದ ನಾಣ್ಯ ಕೊಟ್ಟು ಎಬ್ಬಿಸುವುದು. ಅಷ್ಟು ಅವರ ಹತ್ತಿರ ಇರಲಿಲ್ಲ. ನಾವು ಮುಖ ಮುಖ ನೋಡಿಕೊಂಡೆವು. ಜೊತೆಯವರು ಹಣ ಹಾಕಬಹುದು, ಆದರೆ ಹಾಕಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ ಎನ್ನುವ ನಿಯಮವನ್ನು ಸ್ವತಃ ಹೆಣವೇ ನಮಗೆ ಓದಿ ಹೇಳಿತು.

ಹಾಕಿದೆವು. ಕೊಡಲಿಯ ಸಂಕಟ ಎದೆಯಲ್ಲಿಟ್ಟುಕೊಂಡೇ ನಾನೂ ಮುನ್ನೂರು ಹಾಕಿದೆ. ಅವರು ಎಲ್ಲರ ಲಾಗ್ ಶೀಟನ್ನೂ ಇಸಕೊಂಡು, ಚಿನ್ನ ಸರಿಯಾಗಿ ಕಳೆದಿದೆಯೇ ಎಂದು ಕೂಡಿ ಕಳೆದು ನೋಡಿ ವಾಪಸು ಕೊಟ್ಟರು. ಥ್ಯಾಂಕ್ಸ್ ಹೇಳಿದರೋ ಇಲ್ಲವೋ ನೆನಪಿಲ್ಲ. ನನ್ನ ಲೆಕ್ಕದಲ್ಲಿ ಹತ್ತು ನಾಣ್ಯದ ವ್ಯತ್ಯಾಸ ಹಿಡಿದದ್ದು ನೆನಪಿದೆ.

ಅವತ್ತು ಪಾರ್ಕಿಂಗ್ ಲಾಟಿನಲ್ಲಿ ಎಂದೂ ಇಲ್ಲದ ಹಾಗೆ ನಿಂತು ಮಾತಾಡಿದರು. 2000ದಿಂದ 2008ರವರೆಗೆ ಲಿವಿಂಗ್ ಗ್ರೇಹಾಕ್ ಎಂಬ ಆಟ ನಡೆಯುತ್ತಿತ್ತಂತೆ. ನಿಜವಾದ ಒಂದೊಂದು ಸೀಮೆಗೂ ಕತೆಯೊಳಗಿನ ಒಂದೊಂದು ರಾಜ್ಯ ಹಂಚಿದ್ದರು. ಆ ರಾಜ್ಯದ ಕತೆ ಆಡಬೇಕೆಂದರೆ ಆ ಸೀಮೆಗೇ ಹೋಗಬೇಕು. ಶುಕ್ರವಾರ ಡ್ಯೂಟಿ ಮುಗಿಸಿ ನಾಲ್ವರು ಒಂದೇ ಕಾರಿನಲ್ಲಿ ಹೊರಟರೆ ಬೆಳಗಾಗುವಷ್ಟರಲ್ಲಿ ಎರಡು ರಾಜ್ಯ ದಾಟಿರುತ್ತಿದ್ದರು. ಹೋದಲ್ಲಿ ಒಬ್ಬರ ಪರಿಚಯವೂ ಇಲ್ಲ, ಆದರೆ ಕೂತ ಮರುಗಳಿಗೆಯೇ ಆಟ ಶುರು, ಏಕೆಂದರೆ ಪುಸ್ತಕ ಒಂದೇ. ಆ ಕಾಲದ ಕಾಗದಗಳೆಲ್ಲ ಮನೆಯ ನೆಲಮಾಳಿಗೆಯಲ್ಲಿ ಫೈಲಾಗಿವೆ. ಅವುಗಳ ಮೇಲಿನ ರುಜುಗಳಲ್ಲಿ ಕೆಲವಕ್ಕೆ ಈಗ ಜನ ಇಲ್ಲ ಎಂದರು. ಪರಊರಿನಲ್ಲಿ ಅಪರಿಚಿತರ ನಡುವೆ ನಂಬಿ ಕೂರಬೇಕಾದರೆ ಮನುಷ್ಯನಿಗೆ ಹಿಡಿದುಕೊಳ್ಳಲು ಏನಾದರೊಂದು ಬೇಕಲ್ಲ, ಹೊನ್ನಾವರ ಬಿಟ್ಟುಬಂದ ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು ಎಂದು ನಾನು ಒಳಗೊಳಗೇ ಕರಗುತ್ತಿರುವಾಗ, ನನ್ನ ಕಾರಿನ ಚಕ್ರ ಹಳದಿ ಗೆರೆ ದಾಟಿ ನಿಂತಿರುವುದನ್ನು ಬೆರಳು ಮಾಡಿ ತೋರಿಸಿದರು.

2024ರಲ್ಲಿ ಹೊಸ ಹ್ಯಾಂಡ್‌ಬುಕ್ ಬಂತು, 384 ಪುಟ. ಬಾಯಿಪಾಠವಾಗಿದ್ದ ಪುಟಗಳೆಲ್ಲ ಜಾಗ ಬದಲಿಸಿದ್ದವು. ಕೆಲವು ವಾರ ವಕೀಲರು ನಂಬರ್ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದರು. ಹುಡುಗರು ಫೋನಿನಲ್ಲಿ ಹುಡುಕಿ ಅವರಿಗಿಂತ ಮೊದಲೇ ಹೇಳಿಬಿಡುತ್ತಿದ್ದರು. ಆಟ ಬೇಗ ಮುಗಿಯುತ್ತಿತ್ತು. ನಾನು ಖುಷಿಪಡಬೇಕಾಗಿತ್ತು. ಆಮೇಲೊಂದು ಬುಧವಾರ ಅವರು ಹಳೆಯ ಪುಟ, ಹೊಸ ಪುಟ, ಏನು ಬದಲಾಗಿದೆ ಎಂದು ಮೂರು ಕಾಲಮಿನ ಪಟ್ಟಿ ಟೈಪು ಮಾಡಿ, ಪಿನ್ ಹೊಡೆದು ತಂದು ಎಲ್ಲರಿಗೂ ಹಂಚಿದರು. ನನ್ನ ಪ್ರತಿಯ ಮೇಲೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲಿತ್ತು: ಘಟೋತ್ಕಚ, ಕೊಡಲಿ, ಡಿಎಂ ನಂಬರ್ ಬಾಕಿ. ಆ ನಂಬರನ್ನು ಈಗ ಕಂಪನಿಯೇ ಕೇಳುವುದಿಲ್ಲ ಎಂದೆ. ಕೇಳುವುದಿಲ್ಲ ಎಂದು ಯಾವ ಪುಟದಲ್ಲಿದೆ ಎಂದರು.