ಸಿರಸಂಗಿ ಸೀಮೆಯ ಅಡ್ಡಾಗುವ ವಿದ್ಯೆ: ಶಾಸ್ತ್ರೀಯ ವಿವೇಚನೆ

ಮೈ ಸಡಿಲಬಿಟ್ಟು ಮನಸ್ಸನ್ನು ಸುಮ್ಮನಾಗಿಸುವ ವಿದ್ಯೆಗೆ ಸವದತ್ತಿ ತಾಲ್ಲೂಕಿನ ಸಿರಸಂಗಿಯಲ್ಲಿ ‘ಅಡ್ಡಾಗುವುದು’ ಎಂದು ಹೆಸರು. ಕಾಲ, ಬೇಸಿಗೆಯ ಮಧ್ಯಾಹ್ನ, ರೊಟ್ಟಿ ಊಟದ ತರುವಾಯ. ಸ್ಥಳ, ಬೇವಿನ ಗಿಡದ ಕಟ್ಟಿ. ಅದು ಭರ್ತಿಯಾಗಿದ್ದರೆ ಪಡಸಾಲಿಯ ಹೊರಸು. ಫಲ, ನಿವಾಂತ.

ವಿದ್ಯೆ ಪ್ರಾಚೀನವೆಂಬುದಕ್ಕೆ ಸ್ಥಳಪುರಾಣವೇ ಆಧಾರ. ಋಷ್ಯಶೃಂಗ ಮುನಿ ಇಲ್ಲಿ ತಪಸ್ಸಿಗೆ ಕುಳಿತಾಗ ರಾಕ್ಷಸರು ಕಾಟ ಕೊಟ್ಟರು. ಕಾಳಿಕಾದೇವಿ ಬಂದು ಅವರನ್ನು ಸಂಹರಿಸಿದಳು. ಗಂಡಸೊಬ್ಬ ಕಣ್ಣು ಮುಚ್ಚಿ ಕೂರಬೇಕಾದರೆ ಹೆಂಗಸೊಬ್ಬಳು ಎದ್ದು ದುಡಿಯಬೇಕೆಂಬ ಮೂಲಸೂತ್ರ ಇಲ್ಲಿಂದಲೇ ಸಿದ್ಧವಾಗುತ್ತದೆ. ವ್ಯಾಖ್ಯಾನಕಾರರೆಲ್ಲ ಗಂಡಸರಾದ್ದರಿಂದ ಇದುವರೆಗೆ ಯಾರೂ ಇದಕ್ಕೆ ಆಕ್ಷೇಪ ಎತ್ತಿಲ್ಲ. ಇತಿಹಾಸಕಾಲದ ಪುರಾವೆ ಮಾತ್ರ ದುರ್ಬಲ. ಊರಿನ ದೇಸಾಯಿ ಲಿಂಗರಾಜರು (1861–1906) 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷತೆ ವಹಿಸಿದರು, ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ಅವರು ಅಡ್ಡಾದ ಬಗ್ಗೆ ದಾಖಲೆಯಿಲ್ಲ.

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಇದೇ ವಿಷಯದ ಮೇಲೆ ಗ್ರಂಥ ಬರೆದ. ಮೊದಲು ಮುಷ್ಟಿ ಬಿಗಿಹಿಡಿ, ಆಮೇಲೆ ಬಿಡು. ಬಿಗಿತ ತಿಳಿದವನಿಗೇ ಸಡಿಲು ತಿಳಿಯುತ್ತದೆ ಎಂಬುದು ಅವನ ಪದ್ಧತಿ. ಪಟ್ಟಣದ ಸಾಧಕ ಈ ಬಿಗಿಯುವ ಭಾಗವನ್ನೂ ಫೀ ಕೊಟ್ಟು ಕಲಿಯಬೇಕು. ಸಿರಸಂಗಿಯಲ್ಲಿ ಕುಂಟಿ ಹೊಡೆದವನ ರಟ್ಟೆಗೆ, ಕುಲುಮೆಯ ಮುಂದೆ ಸುತ್ತಿಗೆ ಬೀಸಿದವನ ಭುಜಕ್ಕೆ ಅದು ಹೊತ್ತೇರುವುದರೊಳಗೆ ಪುಕ್ಕಟೆ ಮುಗಿದಿರುತ್ತದೆ. ಉಳಿಯುವುದು ಬಿಡುವುದೊಂದೇ.

ವಿಧಾನ. ಸಾಧಕ ವಲ್ಲಿ ಕೊಡವಿ ಹಾಸುತ್ತಾನೆ. ಚಪ್ಪಲಿಗಳನ್ನು ಅದರದೇ ಒಂದು ತುದಿಯಲ್ಲಿ ಸುತ್ತಿ ತಲೆದಿಂಬು ಮಾಡುತ್ತಾನೆ. ಕುತ್ತಿಗೆಗೆ ಆಧಾರ, ನಾಯಿಯಿಂದ ರಕ್ಷಣೆ, ಎರಡೂ ಆದವು. ಹದಿನೈದನೆಯ ಶತಮಾನದ ‘ಹಠಪ್ರದೀಪಿಕೆ’ ಹೆಣದ ಹಾಗೆ ಅಂಗಾತ ಮಲಗಬೇಕೆನ್ನುತ್ತದೆ. ಕಟ್ಟಿಯ ಅಗಲ ಸಾಲದ್ದಕ್ಕೆ ಇಲ್ಲಿ ಮಗ್ಗಲಾಗುವುದೂ ಶಾಸ್ತ್ರಸಮ್ಮತ. ಪಾದ, ಮೊಣಕಾಲು, ಸೊಂಟ ಕ್ರಮವಾಗಿ ಸಡಿಲುತ್ತವೆ. ಬಾಯಿ ಕೊನೆಗೆ.

ಆದ್ದರಿಂದ ಚಿತ್ತ ಎಷ್ಟು ಶಾಂತವಾಗಿದೆ ಎಂಬುದನ್ನು ಅಳೆಯಲು ಬಾಯಿಯೇ ಮಾನದಂಡ. ಪಕ್ಕದವನು ಕಡ್ಲಿ ದರ ತೆಗೆಯುತ್ತಾನೆ. ಮೊದಲ ಹಂತದಲ್ಲಿ ಸಾಧಕ ಪೂರ್ತಿ ಉತ್ತರ ಕೊಡುತ್ತಾನೆ: “ಹ್ವಾದ ವರ್ಸದ್ದs ಚಲೋ ಇತ್ತ ಬಿಡ್ರಿ.” ಎರಡರಲ್ಲಿ “ಹೌದ್ರಿ.” ಮೂರರಲ್ಲಿ “ಹೂಂ.” ನಾಲ್ಕರಲ್ಲಿ ಉತ್ತರ ಮೂಗಿನಿಂದ ಬರುತ್ತದೆ. ಕಬ್ಬಿನ ಬಿಲ್ಲು ಬಾಕಿಯಿರುವವರು ಎರಡನೆಯ ಹಂತ ದಾಟುವುದು ಅಪರೂಪ.

ಪತಂಜಲಿ ಒಂಬತ್ತು ವಿಘ್ನಗಳನ್ನು ಎಣಿಸಿ ಆಲಸ್ಯವನ್ನೂ ಅದರೊಳಗೆ ಸೇರಿಸಿದ್ದಾನೆ. ಕಟ್ಟಿಯ ಪಂಡಿತರು ಇದನ್ನು ಒಪ್ಪುವುದಿಲ್ಲ. ಯಾಕೆಂಬುದನ್ನು ವಿವರಿಸಲು ಎದ್ದು ಕೂರಬೇಕಾಗುತ್ತದೆಂದು ಬಿಟ್ಟಿದ್ದಾರೆ. ಸ್ಥಳೀಯ ವಿಘ್ನಗಳಲ್ಲಿ ನೊಣ, ಮೊಬೈಲು, ಹಗ್ಗ ಬಿಚ್ಚಿಕೊಂಡ ಎಮ್ಮಿ ಮುಖ್ಯ. ಎಮ್ಮಿಯನ್ನು ಸಾಮಾನ್ಯವಾಗಿ ಮನೆಯಾಕೆಯೇ ಹಿಡಿದು ಕಟ್ಟುತ್ತಾಳೆ. ಆಗ ಆಕೆ ಭಾಂಡೆ ತೊಳೆದು, ಜ್ವಾಳ ಹಸನು ಮಾಡಲು ಮರ ಹಿಡಿದು ಕೂತಿರುತ್ತಾಳೆ. ಹೆಂಗಸರ ಅಡ್ಡಾಗುವಿಕೆಯನ್ನು ಕುರಿತು ಪ್ರತ್ಯೇಕ ಅಧ್ಯಾಯ ಬರೆಯುವಷ್ಟು ಸಾಮಗ್ರಿ ಸಿಕ್ಕುವುದಿಲ್ಲ.

ವ್ಯುತ್ಥಾನ, ಅಂದರೆ ಏಳುವುದು, ಚಹಾದ ವಾಸನೆಯಿಂದ ಆಗುತ್ತದೆ. ಪತಂಜಲಿ ನಿದ್ರೆಯನ್ನು ನಿರೋಧಿಸಬೇಕಾದ ಐದು ಚಿತ್ತವೃತ್ತಿಗಳಲ್ಲಿ ಒಂದೆಂದಿರುವುದರಿಂದ, ನಿದ್ದೆ ಹೋಗಿದ್ದನೆಂದು ಸಾಧಕ ಎಂದೂ ಒಪ್ಪುವಂತಿಲ್ಲ. “ಎದ್ರೇನ್ರಿ?” ಎಂದು ಆಕೆ ಕಪ್ಪುಬಸಿ ಮುಂದಿಟ್ಟರೆ ಉತ್ತರ ನಿಗದಿಯಾಗಿದೆ: “ನಿದ್ದಿ ಎಲ್ಲಿ ಮಾಡೇನಿ? ಸುಮ್ನ ಕಣ್ಣ ಮುಚ್ಚಿದ್ದೆ.” ಚಹಾ ಬಸಿಗೆ ಸುರುವಿಕೊಂಡು ಕುಡಿಯುವುದರೊಂದಿಗೆ ಅಂದಿನ ಸಾಧನೆ ಮುಗಿಯುತ್ತದೆ. ಬಸಿ ತೊಳೆಯುವುದು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.